ದೆವ್ವ ಬರಲೇ ಇಲ್ಲವಂತೆ

ಹೋದ ಶನಿವಾರ ದಿಲ್ಲಿಯ ಪೀತಮ್‌ಪುರದ ನಮ್ಮ ಮನೆಯ ಹತ್ತಿರದ ಮಾಲ್‌ನಲ್ಲಿ ಒಂದು ದೆವ್ವದ ಸಿನಿಮಾ ನೋಡುತ್ತಿದ್ದೆ. ಪಕ್ಕದ ಸೀಟಿನಲ್ಲಿ ಹುರಿಮೀಸೆಯ ಧಡೂತಿ ಮಹಾಶಯರೊಬ್ಬರು ಕೂತಿದ್ದರು. ನಾಯಕಿ ನೆಲಮಾಳಿಗೆಯ ಬಾಗಿಲು ತೆಗೆದಳು, ಬಾಗಿಲು ಕಿರ್ರೆಂದಿತು, ಮಹಾಶಯರು ನನ್ನ ಕೈಯನ್ನು ಗಬಕ್ಕನೆ ಹಿಡಿದುಕೊಂಡರು. ಕುರ್ಚಿಯ ಕೈ ಎಂದುಕೊಂಡಿದ್ದರಂತೆ. ದೀಪ ಹತ್ತಿದ ಮೇಲೆ "ಸಾರಿ ಬೆಹನ್‌ಜೀ" ಎಂದು ಪಾಪ, ಎಕ್ಸಿಟ್ ಬೋರ್ಡಿನ ಕಡೆ ನೋಡಿಕೊಂಡು ಹೇಳಿದರು. ನನಗೆ ಸಿಟ್ಟು ಬರಲಿಲ್ಲ, ನಗು ಬಂತು. ನಮ್ಮ ಮಾವನವರದೂ ಇಂಥದೇ ಮೀಸೆ. ಅವರು ಇಂಥ ಕುರ್ಚಿಗಳಲ್ಲಿ ಕಲ್ಲಿನ ಹಾಗೆ ಕೂತು ಸಿನಿಮಾ ನೋಡುತ್ತಿದ್ದ ದಿನಗಳೆಲ್ಲ ನೆನಪಾದವು.

ಅದಕ್ಕೂ ಮೊದಲು ನನ್ನ ಹುಚ್ಚಿನ ಬಗ್ಗೆ ಎರಡು ಮಾತು. ನನ್ನ ವಯಸ್ಸಿನ ಹೆಂಗಸರು ಭಜನೆಗೋ ಕಿಟ್ಟಿ ಪಾರ್ಟಿಗೋ ಹೋಗುವ ಹೊತ್ತಿನಲ್ಲಿ ನಾನು ಹೊಡೆದಾಟದ ಮತ್ತು ದೆವ್ವದ ಸಿನಿಮಾಗಳಿಗೆ ಹೋಗುತ್ತೇನೆ. ಈಚೆಗೆ ನೋಡಿದವುಗಳ ಬಗ್ಗೆ ನನ್ನ ಅಭಿಪ್ರಾಯ ಬೇಕೇ ಎಂದು ಯಾರೂ ಕೇಳುವುದಿಲ್ಲ, ಆದ್ದರಿಂದ ನಾನಾಗಿಯೇ ಹೇಳಿಬಿಡುತ್ತೇನೆ. ಹೊಡೆದಾಟದ ಸಿನಿಮಾಗಳಲ್ಲಿ ನನಗೆ ಬಹಳ ಗೌರವ ಬರುವುದು ಖಳನಾಯಕನ ಕಡೆಯ ಆಳುಗಳ ಮೇಲೆ. ಅಷ್ಟು ಜನ ಇದ್ದರೂ ಒಟ್ಟಿಗೆ ಮೇಲೆ ಬೀಳುವುದಿಲ್ಲ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರಂತೆ ಒಬ್ಬೊಬ್ಬರಾಗಿ ಬಂದು ಏಟು ತಿಂದು ಹೋಗುತ್ತಾರೆ. ದಿಲ್ಲಿಯಲ್ಲಿ ಇಷ್ಟು ಶಿಸ್ತಿನ ಸಾಲನ್ನು ನಾನು ಇನ್ನೆಲ್ಲೂ ಕಂಡಿಲ್ಲ. ದೆವ್ವದ ಸಿನಿಮಾದವರ ಬಗ್ಗೆ ನನ್ನ ತಕರಾರು ಬೇರೆ. ದೀಪ ಆರಿದರೆ ಅವರು ಮೊಂಬತ್ತಿ ಹಿಡಿದು ಮನೆಯ ಒಳಕ್ಕೆ ಹೋಗುತ್ತಾರೆ. ನಮ್ಮಲ್ಲಾದರೆ ಮೊದಲು ಬಾಲ್ಕನಿಗೆ ಹೋಗಿ ಪಕ್ಕದ ಮನೆಯಾಕೆಯನ್ನು, "ಭಾಭೀ, ಆಪ್ ಕೇ ಯಹಾಂ ಲೈಟ್ ಹೈ?" ಎಂದು ಕೇಳುತ್ತೇವೆ. ಅವರ ಮನೆಯಲ್ಲೂ ಕರೆಂಟ್ ಇಲ್ಲ ಎಂದು ಗೊತ್ತಾದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಮಾವನವರ ವಿಷಯಕ್ಕೆ ಬರುತ್ತೇನೆ. ಅವರು ನನ್ನ ಗಂಡನ ತಂದೆ, ಸೋಮವಾರಪೇಟೆ ಕಡೆಯವರು. ಸೈನ್ಯದ ತೋಪಖಾನೆಯಲ್ಲಿ, ಅಂದರೆ ದೊಡ್ಡ ಫಿರಂಗಿಗಳ ದಳದಲ್ಲಿ, ಬಹುಕಾಲ ದುಡಿದು ಸುಬೇದಾರರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ದಿಲ್ಲಿಗೆ ಬಂದರು. ಮಾತು ಕಡಿಮೆ. ಸಿನಿಮಾ ನೋಡಿ ಬಂದರೆ ಅವರ ವಿಮರ್ಶೆ ಒಂದೇ ಪದದ್ದು: ಚೆನ್ನಾಗಿದ್ದರೆ "ಪಾಸ್", ಇಲ್ಲದಿದ್ದರೆ "ಕಂಡಮ್", ಅಂದರೆ ಕೆಲಸಕ್ಕೆ ಬಾರದೆಂದು ತೆಗೆದುಹಾಕಿದ ಸಾಮಾನಿಗೆ ಫೌಜಿನವರು ಹೇಳುವ ಮಾತು. ಹಳೆಯ ಜೀಪು, ಹರಿದ ಡೇರೆ, ನನ್ನ ಮೊದಲ ಬಿಸಿಬೇಳೆ ಬಾತು ಎಲ್ಲವೂ ಈ ಎರಡರಲ್ಲಿ ಒಂದಕ್ಕೆ ಸೇರಿದವು. ಬಿಸಿಬೇಳೆ ಬಾತು ಎಲ್ಲಿಗೆ ಸೇರಿತು ಎಂದು ನೀವು ಕೇಳಬಾರದು.

ಹೊಡೆದಾಟದ ಸಿನಿಮಾಗಳು ಅವರಿಗೆ ಬಹುಮಟ್ಟಿಗೆ ಪಾಸ್. ಸಂಸಾರದ ಕಥೆಗಳು, ಧಾರಾವಾಹಿಗಳು, ಟಿವಿಯ ಚರ್ಚೆಗಳು ಒಂದು ಕಡೆಯಿಂದ ಕಂಡಮ್. "ಬರೀ ಬಾಯಿ ಆಡಿಸ್ತಾ ಕೂತಿರ್ತಾರೆ, ಏನೂ ನಡೆಯೋದೇ ಇಲ್ಲ" ಎನ್ನುತ್ತಿದ್ದರು. ಮುದುಕರಿಗೆ ಎಷ್ಟು ಹೊಸ ಕಾಲದ ರುಚಿ ಎಂದು ನಮಗೆ ಹೆಮ್ಮೆ. ಅದಕ್ಕಿಂತ ದೊಡ್ಡ ಹೆಮ್ಮೆ ದೆವ್ವದ ಸಿನಿಮಾಗಳಲ್ಲಿ. ಇಡೀ ಥಿಯೇಟರು ಕಿಟಾರನೆ ಕಿರುಚಿಕೊಂಡಾಗ ಮಾವ ಡಬ್ಬದ ತಳದಲ್ಲಿ ಉಳಿದ ಪಾಪ್‌ಕಾರ್ನ್ ಹುಡುಕುತ್ತಿರುತ್ತಿದ್ದರು. ಅವರ ಮಗನಿಗೋ, ಅಂದರೆ ನಮ್ಮವರಿಗೆ, ಸರಿಯಾಗಿ ಅಂಥ ದೃಶ್ಯದಲ್ಲೇ ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ಲೋಧಿ ಕಾಲೋನಿಯ ಕನ್ನಡದ ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗಲೆಲ್ಲ ನಾನು ಕೊಚ್ಚಿಕೊಳ್ಳುತ್ತಿದ್ದೆ: "ನಮ್ಮ ಮಾವ ಫೌಜಿ ಕಣ್ರೀ. ದೆವ್ವಕ್ಕೇ ಸೆಲ್ಯೂಟ್ ಹೊಡೆಸ್ತಾರೆ!"

ಈ ಹೆಮ್ಮೆಯ ಪಕ್ಕದಲ್ಲೇ ಮನೆಯಲ್ಲಿ ಒಂದು ಸಂಕಟವೂ ಇತ್ತು. ನನ್ನ ಮಗಳು ಸಿರಿ ಇಲ್ಲೇ ಹುಟ್ಟಿ ಬೆಳೆದವಳು. ಅಜ್ಜ ಬಂದಾಗ ಅವಳು ಮೂರನೇ ಕ್ಲಾಸು. ಅಜ್ಜನಿಗೆ ಫೌಜಿನ ಹಿಂದಿ ಬರುತ್ತಿತ್ತು, ಆದರೆ ಮನೆಯಲ್ಲಿ ಕನ್ನಡವೇ ಎಂಬುದು ಅವರ ಕಟ್ಟಳೆ. ಅಜ್ಜನಿಗೆ ಹೇಳಬೇಕಾದ ಸುದ್ದಿ ಅವಳ ಹತ್ತಿರ ಬೇಕಾದಷ್ಟಿತ್ತು, ಕನ್ನಡವೇ ಸಾಲದು. "ಅಜ್ಜಾ, ನಾನು ಸ್ಕೂಲಲ್ಲಿ ಗಿರ್ ಆದೆ, ಮಂಡಿಗೆ ಚೋಟ್ ಬಂತು" ಎಂದು, ಬಿದ್ದು ತರಚಿಕೊಂಡ ಮಂಡಿ ತೋರಿಸಲು ಓಡಿಬರುತ್ತಿದ್ದಳು. ಅಜ್ಜ ಬಗ್ಗಿ, "ಏನು ಮಗಾ?" ಎನ್ನುತ್ತಿದ್ದರು. ಅವಳು ವಾಕ್ಯವನ್ನು ರಿಪೇರಿ ಮಾಡಿ ಮತ್ತೆ ಹೇಳುತ್ತಿದ್ದಳು. "ಏನಂದೆ? ಬಿಡಿಸಿ ಹೇಳು." ಅವಳು ಇನ್ನೊಮ್ಮೆ, ಇನ್ನಷ್ಟು ಮೆಲ್ಲಗೆ, ನಾಚಿಕೆಯಿಂದ. ಕೊನೆಗೆ ಅಜ್ಜ ಅವಳ ತಲೆ ಸವರಿ, "ಹೂಂ ಹೂಂ, ಜಾಣೆ" ಎಂದುಬಿಡುತ್ತಿದ್ದರು. ಒಂದು ದಿನ ಅವಳು ತನ್ನ ಗೆಳತಿಯ ನಾಯಿ ಸತ್ತುಹೋಯಿತೆಂದು ಕಣ್ಣು ತುಂಬಿಕೊಂಡು ಹೇಳಿದಳು. ಅಜ್ಜ ನಕ್ಕು, "ಜಾಣೆ" ಎಂದರು.

ಆಮೇಲೆ ಅವಳು ಅಜ್ಜನ ಹತ್ತಿರ ಮಾತಾಡುವುದು ಕಡಿಮೆಯಾಗುತ್ತ ಬಂತು. "ಮೇರಿ ಕನ್ನಡ ಹೀ ಖರಾಬ್ ಹೈ ಮಮ್ಮೀ, ಅಜ್ಜನಿಗೆ ಸಮಝ್ ಆಗಲ್ಲ" ಎಂದು ತನ್ನ ಕನ್ನಡವನ್ನೇ ದೂರಿದಳು. ಅಜ್ಜನೂ ಅದನ್ನೇ ಹೇಳಿದರು: "ದಿಲ್ಲಿ ಮಕ್ಕಳ ಕನ್ನಡ. ನಮ್ಮಂಥವರಿಗೆ ಹಿಡಿಯೋದು ಕಷ್ಟ." ನಮಗೂ ಅದು ಸರಿಯೆನಿಸಿತು. ಇಲ್ಲಿರುವ ಎಲ್ಲ ಕನ್ನಡ ಮನೆಗಳಲ್ಲೂ ಇದೇ ಗೋಳು ತಾನೆ? ಊರಿನಿಂದ ಅಜ್ಜ ಅಜ್ಜಿ ಬರುತ್ತಾರೆ, ಮೊಮ್ಮಕ್ಕಳು ಹಿಂದಿಯಲ್ಲಿ ಬಡಬಡಿಸುತ್ತವೆ, ನಡುವೆ ಅಮ್ಮ ದುಭಾಷಿಯಾಗಿ ಸವೆಯುತ್ತಾಳೆ. ನಾನು ಅವಳಿಗೆ ಕಾಗುಣಿತ ತಿದ್ದಿಸಿದೆ. ಅವಳು ಕಾಗುಣಿತ ಕಲಿತಳು, ಮಾತು ಬಿಟ್ಟಳು.

ಇಬ್ಬರೂ ಜೊತೆಯಾಗಿ ಕೂರುತ್ತಿದ್ದುದು ಭಾನುವಾರದ ಸಿನಿಮಾಕ್ಕೆ ಮಾತ್ರ. ಅಲ್ಲಿ ಯಾರೂ ಮಾತಾಡಬೇಕಾಗಿಲ್ಲವಲ್ಲ. ಕತ್ತಲಲ್ಲಿ ಅಜ್ಜ ಪಾಪ್‌ಕಾರ್ನ್ ಡಬ್ಬ ಅವಳ ಕಡೆ ಚಾಚುವರು, ಅವಳು ಒಂದು ಹಿಡಿ ತೆಗೆದುಕೊಳ್ಳುವಳು. ವಾರಕ್ಕೆ ಅಷ್ಟೇ ಅವರ ಸಂಭಾಷಣೆ. ಒಬ್ಬರ ಮೇಲೊಬ್ಬರಿಗೆ ಅಷ್ಟು ಪ್ರೀತಿ ಇದ್ದೂ ಹೀಗೆ ಕೂರುತ್ತಿದ್ದರು. ಹೀಗೇ ವರ್ಷಗಳು ಹೋದವು.

ಸಿರಿ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಿನಿಮಾ ಬಂತು. ಅದರ ವಿಶೇಷವೆಂದರೆ ದೆವ್ವವನ್ನು ತೋರಿಸುವುದೇ ಇಲ್ಲ. ಖಾಲಿ ಮನೆ, ಖಾಲಿ ಮೆಟ್ಟಿಲು, ಖಾಲಿ ಉಯ್ಯಾಲೆ. ದೆವ್ವ ಇರುವುದು ಸದ್ದಿನಲ್ಲಿ ಮಾತ್ರ: ಒಂದು ಗೆಜ್ಜೆ ಮೆಲ್ಲನೆ ಹತ್ತಿರ ಬರುತ್ತದೆ, ನಿಲ್ಲುತ್ತದೆ, ಒಂದು ಮಗು ಪಿಸುಗುಟ್ಟುತ್ತದೆ. ಇಷ್ಟೇ. ನಾನು ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ. ನಮ್ಮವರು ಬಾತ್‌ರೂಮಿಗೆ ಹೋದವರು ಇಂಟರ್‌ವಲ್ ಮುಗಿದರೂ ಬರಲಿಲ್ಲ. ಮಾವ ಮಾತ್ರ ಕೊನೆಯವರೆಗೂ ಗಂಭೀರವಾಗಿ ಪರದೆಯನ್ನೇ ನೋಡುತ್ತ ಕೂತಿದ್ದರು.

ಹೊರಗೆ ಬಂದು ಮೋಮೋಸ್ ತಿನ್ನುತ್ತ ನಿಂತಾಗ ತೀರ್ಪು ಕೊಟ್ಟರು. "ಕಂಡಮ್! ದೆವ್ವ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೇ ಕಾದೆ. ಬರಲೇ ಇಲ್ಲ. ಖಾಲಿ ಮನೆ ತೋರಿಸಿ ಕಳಿಸಿಬಿಟ್ರು."

ನಾವು ಗಂಡ ಹೆಂಡತಿ ಬಿದ್ದು ಬಿದ್ದು ನಕ್ಕೆವು. ಫೌಜಿಯ ತಮಾಷೆ ಎಂದುಕೊಂಡೆವು. ಸಿರಿ ನಗಲಿಲ್ಲ. ಬಹಳ ದಿನಗಳ ಮೇಲೆ ಅಜ್ಜನನ್ನು ನೇರವಾಗಿ ಕೇಳಿದಳು: "ಅಜ್ಜಾ, ಗೆಜ್ಜೆ?"

"ಹೆಜ್ಜೆನಾ? ಎಲ್ಲಿತ್ತು ಹೆಜ್ಜೆ? ಕಾಲನ್ನೇ ತೋರಿಸಲಿಲ್ವಲ್ಲ!"

ಮರುದಿನ ಬೆಳಿಗ್ಗೆ ಅವಳು ನನ್ನ ಬೀರುವಿನಿಂದ ಮದುವೆಯ ಕಾಲದ ಬೆಳ್ಳಿ ಗೆಜ್ಜೆ ತೆಗೆದುಕೊಂಡಳು. ಮಾವ ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದರು. ಹಿಂದಿನಿಂದ ಬಂದು ಗೆಜ್ಜೆ ಕುಲುಕಿದಳು. ಅವರು ಪುಟ ತಿರುಗಿಸಿದರು. ಇನ್ನೂ ಹತ್ತಿರ ಹೋಗಿ ಕಿವಿಯ ಪಕ್ಕದಲ್ಲೇ ಕುಲುಕಿದಳು. ಅವರು ಕನ್ನಡಕ ಒರೆಸಿಕೊಂಡರು. ನಾನು ಅಡುಗೆಮನೆಯಿಂದ ನೋಡಿ ನಗುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಸಿರಿ ನನ್ನ ಹತ್ತಿರ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಮಮ್ಮೀ, ಅಜ್ಜನಿಗೆ ಸುನಾಯೀ ನಹೀಂ ದೇತಾ." ಕೇಳಿಸುವುದೇ ಇಲ್ಲವೆಂದು ತನ್ನ ಕಿವಿ ಮುಟ್ಟಿ ತೋರಿಸಿ, ಕನ್ನಡದಲ್ಲಿ ಕೇಳಿದಳು: "ಅಂದ್ರೆ... ನನ್ನ ಕನ್ನಡ ತಪ್ಪು ಇರ್ಲಿಲ್ವಾ?"

ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗೆ ಎಂಬ ಗಾದೆಯಲ್ಲಿ ನಾವು ಯಾವಾಗಲೂ ಕಿವುಡನನ್ನು ನೋಡಿ ನಗುತ್ತೇವೆ. ಕಿನ್ನರಿ ನುಡಿಸಿದವಳು ತನ್ನ ಕಿನ್ನರಿಯೇ ಸರಿಯಿಲ್ಲವೆಂದು ಅದನ್ನು ಎತ್ತಿಟ್ಟುಬಿಟ್ಟರೆ? ನಾನಂತೂ ಮಾವ ನನ್ನ ಮಾತಿಗೆ ಓಗೊಡದಿದ್ದಾಗಲೆಲ್ಲ ಜಾಣಕಿವುಡು ಎಂದು ಗೊಣಗಿಕೊಂಡಿದ್ದವಳು. ಆ ಮುಂಜಾನೆ ಮಗಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಕಿವಿಯ ಡಾಕ್ಟರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ವರ್ಷಾನುಗಟ್ಟಲೆ ಫಿರಂಗಿಗಳ ಪಕ್ಕದಲ್ಲಿ ನಿಂತವರಿಗೆ ಹೀಗಾಗುತ್ತದಂತೆ. ದಪ್ಪ ಸದ್ದು ಉಳಿಯುತ್ತದೆ, ತೆಳ್ಳನೆಯದು ಮೊದಲು ಹೋಗುತ್ತದೆ: ಹಕ್ಕಿ, ಗೆಜ್ಜೆ, ಹೆಂಗಸರ ಮಾತು, ಮಕ್ಕಳ ಮಾತು. ಹೊಡೆದಾಟದ ಸಿನಿಮಾ ಯಾಕೆ ಪಾಸ್, ಸಂಸಾರದ ಸಿನಿಮಾ ಯಾಕೆ ಕಂಡಮ್ ಎಂದು ನನಗೆ ಆಗ ಹೊಳೆಯಿತು. ನಾವು ಅವರ ಅಭಿರುಚಿ ಎಂದುಕೊಂಡಿದ್ದು ಅವರ ಕಾಯಿಲೆಯಾಗಿತ್ತು.

ಮಾವ ಒಪ್ಪಲಿಲ್ಲ. "ನಾನು ಕಿವುಡನಾ? ಬಾಗಿಲು ಬಡಿದರೆ ಈ ಮನೇಲಿ ಮೊದಲು ಎದ್ದು ಹೋಗೋರು ಯಾರು?" ಅದು ನಿಜವೇ, ಬಾಗಿಲಿನ ಸದ್ದು ದಪ್ಪ ಸದ್ದು. ಕಿವಿಗೆ ಮಷೀನು ಹಾಕಿಕೊಂಡರೆ ಫೌಜಿಯ ಮಾನ ಹೋಗುತ್ತದೆ ಎಂದು ಹಠ ಹಿಡಿದರು. ಮಗ ಹೇಳಿ ಸೋತರು, ನಾನು ಹೇಳಿ ಸೋತೆ. ಕೊನೆಗೆ ಸಿರಿ ಅವರ ಎದುರಿಗೆ ಬೆತ್ತದ ಮೋಡಾ ಸ್ಟೂಲು ಎಳೆದುಕೊಂಡು ಕೂತು, ಗಟ್ಟಿಯಾಗಿ, ಒಂದೊಂದೇ ಪದ ಹೇಳಿದಳು.

"ಅಜ್ಜಾ. ದೆವ್ವ ಬಂದಿತ್ತು."

"ಎಲ್ಲಿ?"

"ಪೂರಾ ಟೈಮ್ ಇತ್ತು. ನಿನ್ನ ಕಿವಿಗೆ ಬರ್ಲಿಲ್ಲ."

ಮಾವ ಮೀಸೆ ನೀವುತ್ತ ಯೋಚಿಸಿದರು. "ಅಚ್ಛಾ. ಮಾತಾಡ್ತಿತ್ತಾ?"

"ಹೂಂ."

"ಏನಂತ?"

"ನಾನು ಹೇಳಲ್ಲ. ನೀನೇ ಕೇಳ್ಕೋ."

ಮಷೀನು ತರಲು ಹೋಗುವಾಗ ಕಾರಿನಲ್ಲಿ ಮಾವ ಕಿಟಕಿಯ ಕಡೆ ನೋಡುತ್ತ, "ಮಗು ಇಷ್ಟು ವರ್ಷ ನನ್ನ ಹತ್ತಿರ ಏನೇನು ಹೇಳ್ತಿತ್ತಮ್ಮಾ?" ಎಂದು ಕೇಳಿದರು. ನಾನು ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಶಾಲೆಯ ಸುದ್ದಿ, ಬಿದ್ದ ಸುದ್ದಿ ಎಲ್ಲ ಹೇಳಿ, ಗೆಳತಿಯ ನಾಯಿ ಸತ್ತಿದ್ದನ್ನೂ ಹೇಳಿದೆ. "ನಾನೇನಂದೆ?" ಎಂದರು. ತಲೆ ಸವರಿದಿರಿ ಎಂದೆ. ಸುಳ್ಳಲ್ಲ, ಆದರೆ ಅಷ್ಟೇ ಹೇಳಲು ನನಗೆ ಧೈರ್ಯವಿದ್ದದ್ದು.

ಮಷೀನು ಬಂದ ಮೊದಲ ವಾರ ಮನೆಯೆಲ್ಲ ಗೊಣಗಾಟ. "ಈ ಪ್ಲಾಸ್ಟಿಕ್ ಚೀಲ ಇಷ್ಟು ಗಲಾಟೆ ಮಾಡುತ್ತಾ?" "ನನ್ನ ಚಪ್ಪಲಿ ಯಾಕೆ ಹೀಗೆ ಅಳುತ್ತೆ?" ತರಕಾರಿ ಭಯ್ಯಾ ಕೂಗಿದರೆ ಯುದ್ಧ ಶುರುವಾದವರಂತೆ ಎದ್ದು ನಿಲ್ಲುವರು. ಆಮೇಲೆ ಅದೇ ಸಿನಿಮಾ ಟಿವಿಗೆ ಬಂತು. ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಕೂತೆವು. ಮೊದಲ ಗೆಜ್ಜೆ ಕೇಳಿಸಿದ್ದೇ ತಡ, ಸುಬೇದಾರರ ಎರಡೂ ಕಾಲು ಸೋಫಾದ ಮೇಲೆ! ದಿಂಬು ತಬ್ಬಿಕೊಂಡು, "ಬಂದ್ ಮಾಡಿ, ಬಂದ್ ಮಾಡಿ" ಎಂದು ಕೂಗಾಡಿದರು. ಬಂದ್ ಮಾಡಲು ಹೋದರೆ, "ಬೇಡ, ಇರಲಿ" ಎಂದರು. ಮುಗಿದಾಗ ಬೆವರು ಒರೆಸಿಕೊಂಡು "ಪಾಸ್" ಎಂದರು. ಇಷ್ಟು ವರ್ಷ ನಾನು ಲೋಧಿ ಕಾಲೋನಿಯಲ್ಲಿ ಹರಡಿದ್ದ ಕೀರ್ತಿಯೆಲ್ಲ ಆ ಮಧ್ಯಾಹ್ನ ಮಣ್ಣುಪಾಲಾಯಿತು.

ಸಿರಿ ಮತ್ತೆ ಮಾತಾಡತೊಡಗಿದಳು. ವಿಚಿತ್ರವೆಂದರೆ ಅವಳ ಕನ್ನಡ ಮೂರನೇ ಕ್ಲಾಸಿನಲ್ಲಿ ನಿಂತದ್ದು ಅಲ್ಲಿಂದಲೇ ಮುಂದುವರಿಯಿತು. ದೊಡ್ಡ ಹುಡುಗಿಯ ದೊಡ್ಡ ವಿಷಯಗಳನ್ನು ಪುಟ್ಟ ಮಗುವಿನ ಕನ್ನಡದಲ್ಲಿ ಹೇಳುವಳು. ಮಾವ ಒಂದನ್ನೂ ತಿದ್ದಲಿಲ್ಲ. ಒಂದು ಹೊಡೆದಾಟದ ಸಿನಿಮಾದಲ್ಲಿ ಹಿಂದೆ ಕಟ್ಟಡವೇ ಸ್ಫೋಟವಾದರೂ ನಾಯಕ ತಿರುಗಿ ನೋಡದೆ ಠೀವಿಯಿಂದ ನಡೆದು ಬಂದ. "ಅವನಿಗೆ ಧೈರ್ಯ ಇಲ್ಲ ಅಜ್ಜಾ, ಅವನಿಗೆ ಕೇಳ್ಸಲ್ಲ" ಎಂದಳು ಸಿರಿ. ಎಲ್ಲರಿಗಿಂತ ಹೆಚ್ಚು ನಕ್ಕವರು ಮಾವ.

ಈಗ ಸಿರಿ ಇಲ್ಲೇ ಕಾಲೇಜಿಗೆ ಹೋಗುತ್ತಾಳೆ. ಮಾವನಿಗೆ ಎಂಬತ್ತು ದಾಟಿದೆ, ಥಿಯೇಟರಿನ ಮೆಟ್ಟಿಲು ಆಗುವುದಿಲ್ಲ, ಭಾನುವಾರದ ಸಿನಿಮಾ ಮನೆಯಲ್ಲೇ. ಮೊನ್ನೆ ಭಾನುವಾರವೂ ಒಂದು ದೆವ್ವದ್ದು ಹಾಕಿದ್ದರು. ನಮ್ಮ ಹಾಲ್ ಚಿಕ್ಕದು, ಟಿವಿ ಸೋಫಾದ ಬಲಕ್ಕೆ ಓರೆಯಾಗಿದೆ. ಮಾವನ ಎಡಕ್ಕೆ ಸಿರಿ ಕಾಲು ಮಡಚಿ ಕೂತಿದ್ದಳು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತೆ. ಪರದೆಯ ಮೇಲೆ ಯಾರೋ ಮೆಟ್ಟಿಲು ಹತ್ತುತ್ತಿದ್ದಂತೆ ಮಾವ ಬಲಗಿವಿಯ ಮಷೀನನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡರು. ಎಡಗಿವಿಯದು ಹಾಗೇ ಇತ್ತು. ಇದೇನು ಲೆಕ್ಕ ಎಂದು ನನಗೆ ಕುತೂಹಲ.

"ಹೆದರಿಕೆ ಆದ್ರೆ ಎರಡೂ ತೆಗೆದುಬಿಡಿ ಮಾವ" ಎಂದು ಗಟ್ಟಿಯಾಗಿ ಹೇಳಿದೆ.

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಈ ಕಡೆ ಸಿರಿ ಕೂತಿದ್ದಾಳಲ್ಲಮ್ಮಾ. ಅವಳೇನಾದ್ರೂ ಹೇಳಿದ್ರೆ?"