ಮೂಳೆತಾತನ ಬೇಸಿಗೆ

ಪಡಸಾಲೆಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಒಣಗಿದ ಮೂಳೆಯ ವಾಸನೆ. ನನ್ನ ತಮ್ಮ ತಿಪಟೂರಿನಿಂದ ಗೊಬ್ಬರದ ಮೂಟೆ ತಂದು ದೇವರ ಕೋಣೆಯ ಗೋಡೆಗೇ ಒರಗಿಸಿದ್ದ.

"ಬೆಟ್ಟ ಒಡೆದು ಪುಡಿ ಮಾಡ್ತಾರಲ್ಲ, ಆ ರಾಕ್ ಫಾಸ್ಫೇಟ್ ಸ್ಟಾಕ್ ಇಲ್ವಂತೆ ಕಣಕ್ಕ. ಅದುಕ್ಕೆ ಮೂಳೆ ಪುಡಿ ತಂದೆ. ತೆಂಗಿಗೆ ಬೇಕಾದ ರಂಜಕ ಇದ್ರಲ್ಲೂ ಅದೆ," ಅಂದ.

ಇದೇ ಮನೆಯಲ್ಲಿ, ಮೂಳೆ ಮುಟ್ಟುತ್ತಾನೆಂದು ಒಬ್ಬ ಮನುಷ್ಯನನ್ನು ಜಗಲಿಗೂ ಹತ್ತಿಸುತ್ತಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಕ್ಕಳಾದ ನಾವು ಅವನನ್ನು ಮೂಳೆತಾತ ಅನ್ನುತ್ತಿದ್ದೆವು. ಹುಳಿಯಾರಿನ ಕಡೆಯವನು. ಬೇಸಿಗೆಯೆಲ್ಲ ದನ ಮೇಯುವ ಕಾವಲು, ಹಳ್ಳ ಸುತ್ತಿ ಸತ್ತ ದನಗಳ ಮೂಳೆ ಆಯ್ದು, ನಮ್ಮೂರ ಕೆರೆ ಏರಿಯ ಹಿಂದೆ ರಾಶಿ ಹಾಕುತ್ತಿದ್ದ. ಮಳೆಗೆ ಮುಂಚೆ ಗೊಬ್ಬರದ ಮಿಲ್ಲಿನ ಲಾರಿ ಬಂದು ಕೊಂಡೊಯ್ಯುತ್ತಿತ್ತು. ಒಂದು ವರ್ಷ, ಅಮ್ಮ ಎತ್ತರದಿಂದ ಸುರಿದ ನೀರನ್ನು ಬೊಗಸೆಯಲ್ಲಿ ಕುಡಿದು, "ಈ ಸಲ ಲಾರಿ ಬರ್ಲಿ ಕಣವ್ವ, ಮನೆಗೆ ಶೀಟು ಹಾಕುಸ್ಬುಡ್ತೀನಿ. ಸೋರಿ ಸೋರಿ ಸಾಕಾಗದೆ," ಅಂದಿದ್ದ ನನಗೆ. ಮುಂದಿನ ಹಲ್ಲಿಲ್ಲದ ಆ ನಗು...

ಲಾರಿ ಬರುವ ಮೊದಲೇ ಊರಿನವರಿಗೆ ನಾತ ಹೆಚ್ಚಾಯಿತು. ಮುಂದಾಳು ನಮ್ಮಪ್ಪ. "ಇವತ್ತೇ ಎತ್ತು ಇಲ್ಲಿಂದ," ಎಂದು ಗದರಿದರು. ತಾತ ಕೈಮುಗಿದು, ಗಾಡಿ ಹುಡುಕಿ ತರಲು ಹೋದ. ಮರುದಿನ ಗಾಡಿ ಹೊಡೆದುಕೊಂಡು ಬಂದರೆ ರಾಶಿಯೇ ಇಲ್ಲ! ನಾತ ನಾತ ಎಂದು ಮೂಗು ಮುಚ್ಚಿಕೊಂಡವರೇ ಆಳುಗಳ ಕೈಲಿ ಮೂಳೆ ಜಜ್ಜಿಸಿ ತಮ್ಮ ತಮ್ಮ ತೆಂಗಿನ ಬುಡಕ್ಕೆ ಹಾಕಿಸಿಕೊಂಡಿದ್ದರು. ಹೆಚ್ಚು ಪಾಲು ನಮ್ಮ ತೋಟಕ್ಕೇ ಬಂದಿತ್ತು.

ಬೇಲಿಯಾಚೆ ನಿಂತು, ಮರಗಳ ಬುಡದ ಹಸಿ ಮಣ್ಣು ನೋಡಿ ತಾತ ಕೂಗಿದ: "ನನ್ನ ಬ್ಯಾಸ್ಗೆ ಪೂರಾ ಹೂತ್ಬುಟ್ರಲ್ಲ ಸ್ವಾಮಿ!"

ಅಪ್ಪ ಅಂದದ್ದು ಒಂದೇ ಮಾತು. "ತೋಟದೊಳಕ್ಕೆ ಕಾಲಿಟ್ಟೀಯ, ಮೈಲಿಗೆ."

ಎಂಥ ನಾಚಿಕೆಗೆಟ್ಟ ಮಾತು! ತಾತ ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಮತ್ತೆ ನಮ್ಮೂರಿಗೆ ಬರಲಿಲ್ಲ. ಆ ಮಳೆಗಾಲ ಹೇಗೆ ಕಳೆದನೋ, ಎಲ್ಲಿ ಸತ್ತನೋ... ವಿಚಾರಿಸಿದವರು ಯಾರೂ ಇಲ್ಲ. ಮರಗಳು ಮಾತ್ರ ಗೊನೆ ತುಂಬ ಕಾಯಿ ಬಿಟ್ಟವು. ಆ ಕೊಬ್ಬರಿ ಮಾರಿಯೇ ಅಪ್ಪ ಈ ಪಡಸಾಲೆಗೆ ತಾರಸಿ ಹಾಕಿಸಿದ್ದು.

ನಾನು ಮೂಟೆಯನ್ನೇ ನೋಡುತ್ತಿದ್ದುದು ಕಂಡು ತಮ್ಮ, "ವಾಸ್ನೆ ಏನಕ್ಕ? ಆಚೆ ಇಡ್ತೀನಿ ಬುಡು," ಅಂದ.

ಬೇಡ ಅಂದೆ. ಮೂಟೆಯನ್ನು ನಾನೇ ಎಳೆದುಕೊಂಡು ಹೋಗಿ, ಹಾರ ಹಾಕಿದ ಅಪ್ಪನ ಫೋಟೊದ ಕೆಳಗೆ ಇಟ್ಟೆ.