ಹನಿ ನೀರಿಗೂ ದಾರಿ ಕೊಡದ ಗ್ಲಾಸ್ ಅಕ್ಕ

ಬೆಳಗಿನ ಆರು ಗಂಟೆ. ಗ್ಯಾರೇಜಿನ ಶಟರ್ ಅರ್ಧಕ್ಕೆ ಮಾತ್ರ ಎದ್ದಿದೆ. ಒಳಗೆ ಬಕೆಟ್ಟಿನ ಬಿಸಿನೀರಿನಲ್ಲಿ ಕಪ್ಪು ರಬ್ಬರ್ ಸುರುಳಿ ಸುತ್ತಿಕೊಂಡು ಮಲಗಿದೆ. ಪಕ್ಕದ ಸ್ಟೂಲಿನಲ್ಲಿ ಕೂತ ಐವತ್ತನಾಲ್ಕರ ಹೆಂಗಸು ಅದನ್ನು ಆಗಾಗ ಬೆರಳಲ್ಲಿ ಹಿಸುಕಿ ನೋಡುತ್ತಾರೆ. "ಇನ್ನೂ ಮುನಿಸಿಕೊಂಡಿದೆ. ಸ್ವಲ್ಪ ಮೆತ್ತಗಾಗ್ಲಿ" ಅನ್ನುತ್ತಾರೆ. ಇಷ್ಟು ಬೇಗ ಬರುವುದಕ್ಕೂ ಕಾರಣವಿದೆ. ಬಿಸಿಲೇರಿದರೆ ಕಾರಿನ ತಗಡು ಕಾಯುತ್ತದೆ, ಹಚ್ಚಿದ ಸೋಪಿನ ನೀರು ಆರಿಹೋಗುತ್ತದೆ, ಆಮೇಲೆ ರಬ್ಬರ್ ಜಾರುವುದಿಲ್ಲ.

ಸುತ್ತಲಿನ ಗ್ಯಾರೇಜುಗಳಿಗೆಲ್ಲ ಇವರು ಗ್ಲಾಸ್ ಅಕ್ಕ. ಹಳೆಯ ಕಾರುಗಳ ಮುಂದಿನ ಗಾಜು ಕೂರಿಸುವುದು, ಅದರ ಸುತ್ತ ರಬ್ಬರ್ ಬೀಡಿಂಗ್ ಮತ್ತು ಹೊಳೆಯುವ ಕ್ರೋಮ್ ಪಟ್ಟಿ ಹಾಕುವುದು ಇವರ ಕೆಲಸ. ಹೊಸ ಕಾರಿನ ಗಾಜನ್ನು ಅಂಟು ಹಾಕಿ ಕೂರಿಸುತ್ತಾರೆ. ಹಳೆಯದಕ್ಕೆ ಅಂಟೂ ಇಲ್ಲ ಗಿಂಟೂ ಇಲ್ಲ. ಒಂದು ಕಡೆ ಗಾಜನ್ನು, ಇನ್ನೊಂದು ಕಡೆ ತಗಡಿನ ಅಂಚನ್ನು ಬೀಡಿಂಗೇ ಕಚ್ಚಿ ಹಿಡಿಯಬೇಕು. ಹಳೆಯ ಕಾರು ಕಂಡರೆ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ನಾವು ಪೇಂಟ್ ಹೊಡೆದವರನ್ನು ಹೊಗಳುತ್ತೇವೆ, ಎಂಜಿನ್ ಕಟ್ಟಿದವರನ್ನು ಹೊಗಳುತ್ತೇವೆ. ಗಾಜು ಯಾರು ಹಾಕಿದರೆಂದು ಯಾರೂ ಕೇಳುವುದಿಲ್ಲ. ಇಷ್ಟು ದಿನ ನಾನೂ ಕೇಳಿರಲಿಲ್ಲ.

ಇವತ್ತು ಎದುರಿಗಿರುವುದು ಅರವತ್ತು ವರ್ಷದ ಹಸಿರು ಕಾರು. ಮಾಲೀಕರು ನಿವೃತ್ತ ಗಣಿತದ ಮೇಷ್ಟ್ರು. ಕಾರಿನ ಜೊತೆ ಬಂದಿದ್ದ ಗಾಜು ಕಲ್ಲು ಸಿಡಿದು ಹೋಯಿತು. ಹುಡುಕಿ ಹುಡುಕಿ ತಂದ ಎರಡನೆಯದನ್ನು ಬೇರೊಂದು ಗ್ಯಾರೇಜಿನಲ್ಲಿ ಹಾಕಿಸಿದರು. ಅದು ಸೋರಿತು, ಸರಿಮಾಡಲೆಂದು ಬಿಚ್ಚುವಾಗ ಎರಡು ಹೋಳಾಯಿತು. ಇದು ಮೂರನೆಯದು, ಗುಜರಿಯಲ್ಲಿ ಸಿಕ್ಕ ಕೊನೆಯದು. ಅಕ್ಕನ ಪಾಲಿಗೂ ಇದು ಅಂಥದ್ದೇ ಗಾಜು. ಕಳೆದ ತಿಂಗಳು ಅವರ ಕೈಯಲ್ಲಿ ಒಂದು ಒಡೆದಿದೆ. ಇನ್ನೊಂದು ಒಡೆದರೆ ಹಳೆಯ ಕಾರುಗಳ ಗಾಜಿನ ಕೆಲಸವನ್ನೇ ನಿಲ್ಲಿಸುತ್ತೇನೆಂದು ಗ್ಯಾರೇಜಿನ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. "ಅವ್ರು ಹೇಳಿದ್ರಲ್ಲಿ ತಪ್ಪೇನಿದೆ? ಒಡೆದಿದ್ದು ನಿಜ ತಾನೇ" ಎಂದು ಅಕ್ಕ ನಗುತ್ತಾರೆ. ಎರಡು ದಿನದಿಂದ ತಟ್ಟೆಯ ಮುಂದೆ ಕೂತು ಹಾಗೇ ಎದ್ದು ಹೋಗುತ್ತಿದ್ದಾರೆಂದು ಜೊತೆಗೆ ಕೆಲಸ ಮಾಡುವ ನಾದಿನಿ ಗುಟ್ಟು ರಟ್ಟು ಮಾಡುತ್ತಾರೆ.

ಇಪ್ಪತ್ತೆರಡು ವರ್ಷದಲ್ಲಿ ಅಕ್ಕ ಕೂರಿಸಿದ ಗಾಜು ಸಾವಿರದ ಹತ್ತಿರ. ಒಡೆದದ್ದು ಮೂರೇ ಮೂರು. ಆ ಮೂರು ಕಾರುಗಳ ಬಣ್ಣ ಕೇಳಿದರೆ ತಟ್ಟನೆ ಹೇಳುತ್ತಾರೆ. ಸರಿಯಾಗಿ ಕೂತವು ಮಾತ್ರ ಒಂದೂ ನೆನಪಿಲ್ಲವಂತೆ!

ಅವರು ಇಲ್ಲಿಗೆ ಬಂದದ್ದು ಸೀಟ್ ಕವರ್ ಹೊಲಿಯಲು. ಗಾಜಿನ ಕೆಲಸದವನು ಒಂದು ದಿನ ಸಿಟ್ಟು ಮಾಡಿಕೊಂಡು ಅರ್ಧಕ್ಕೆ ಬಿಟ್ಟುಹೋದ. "ಇದು ಸೀಟಿನ ಅಂಚಿಗೆ ಪೈಪಿಂಗ್ ಹೊಲಿದ ಹಾಗೇ ಅಲ್ವಾ, ನಾನು ನೋಡ್ತೀನಿ" ಎಂದು ಇವರು ಎದ್ದಾಗ ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಮೂಲೆಗಳಲ್ಲಿ ರಬ್ಬರನ್ನು ಲಂಗಕ್ಕೆ ಎಲಾಸ್ಟಿಕ್ ಹಾಕಿದಂತೆ ಎಳೆದು ಕೂರಿಸಿದರು. ಒಂದು ಸುಕ್ಕಿಲ್ಲ, ನೋಡಿದವರೆಲ್ಲ ಭೇಷ್ ಅಂದರು. ಹದಿನೈದು ದಿನಕ್ಕೆ ಕಾರಿನವರು ಒದ್ದೆ ಪ್ಯಾಂಟಿನಲ್ಲಿ ಬಂದು ನಿಂತರು. ಎಳೆದ ರಬ್ಬರ್ ತನ್ನ ಅಳತೆಗೆ ವಾಪಸ್ ಹೋಗಿ, ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. "ನಾಚಿಕೆಯಿಂದ ಸತ್ತೇ ಹೋದೆ. ರವಿಕೆಗೆ ತೋಳು ಕೂರಿಸುವಾಗ ಬಟ್ಟೇನ ಎಳೀಬಾರ್ದು, ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ತಾ ಹೋಗ್ಬೇಕು ಅಂತ ಹತ್ತು ಜನಕ್ಕೆ ಹೇಳಿಕೊಟ್ಟೋಳು ನಾನೇ! ಕಾರು ಅಂದ ಕೂಡ್ಲೆ ಮರೆತುಬಿಟ್ಟೆ ನೋಡಿ."

ಅಂದಿನಿಂದ ಅವರು ರಬ್ಬರನ್ನು ಅಳತೆಗಿಂತ ಅರ್ಧ ಬೆರಳು ಉದ್ದಕ್ಕೇ ಕತ್ತರಿಸುತ್ತಾರೆ. ಹೆಚ್ಚಾದದ್ದನ್ನು ಅಲ್ಲಿಷ್ಟು ಇಲ್ಲಿಷ್ಟು ತಳ್ಳುತ್ತ ಸುತ್ತಲೂ ಹಂಚುತ್ತಾರೆ. ಟೇಪು ಹಿಡಿದು ಪಕ್ಕದಲ್ಲೇ ನಿಂತ ಮೇಷ್ಟ್ರಿಗೆ ಸಮಾಧಾನವಿಲ್ಲ.

"ಅಳತೆಗಿಂತ ಜಾಸ್ತಿ ಇದೆಯಲ್ಲಮ್ಮಾ?"

"ಇರ್ಲಿ ಸರ್. ಲೆಕ್ಕ ನಿಮ್ದು ಸರಿ, ರಬ್ಬರ್ ನನಗೆ ಬಿಡಿ."

ಮೇಜಿನ ಮೇಲೆ ಗಾಜಿನ ಸುತ್ತ ಬೀಡಿಂಗ್ ಏರುತ್ತದೆ. ಅದರ ಹೊರಗಿನ ಸಣ್ಣ ಸಂದಿಗೆ ಕ್ರೋಮ್ ಪಟ್ಟಿ ಇಂಚಿಂಚೇ ಇಳಿಯುತ್ತದೆ. ಈ ಕಾರಿಗೆ ಪಟ್ಟಿಯನ್ನು ಮೊದಲೇ ಹಾಕಬೇಕು. ಆಮೇಲೆ ಹಾಕಿದರೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ಮತ್ತೆ ನೆಟ್ಟಗಾಗುವುದಿಲ್ಲ. ಕೊನೆಗೆ ತಗಡಿನ ಅಂಚು ಕೂರಬೇಕಾದ ಸಂದಿಯಲ್ಲಿ ಸುತ್ತಲೂ ಒಂದು ಹಗ್ಗ ಹೂಳಿ, ಗಾಜನ್ನು ಎತ್ತಿ ಕಾರಿನ ಚೌಕಟ್ಟಿಗೆ ಆನಿಸಿ, ಹಗ್ಗದ ಎರಡು ತುದಿಯನ್ನೂ ಕಾರಿನ ಒಳಕ್ಕೆ ಇಳಿಬಿಡುತ್ತಾರೆ.

ಅಕ್ಕ ಒಳಗಿನಿಂದ ಬಗ್ಗಿ ಹಗ್ಗ ಎಳೆಯುತ್ತಾರೆ. ನಾದಿನಿ ಹೊರಗಿನಿಂದ ಅಂಗೈಯಲ್ಲಿ ಗಾಜನ್ನು ಒತ್ತುತ್ತಾರೆ. ಹಗ್ಗ ಬಂದಷ್ಟೂ ರಬ್ಬರಿನ ತುಟಿ ತಗಡಿನ ಮೇಲೆ ಮಗುಚಿಕೊಳ್ಳುತ್ತದೆ.

"ಅತ್ತಿಗೆ, ಎಳೀತಾ ಇದ್ದೀರೋ ನಿದ್ದೆ ಮಾಡ್ತಾ ಇದ್ದೀರೋ?"

"ನೀನು ಒತ್ತೇ ಸುಮ್ನೆ. ಬಾಯಲ್ಲಲ್ಲ, ಕೈಯಲ್ಲಿ!"

ಕೊನೆಯ ಮೂಲೆಗೆ ಬಂದಾಗ ತಮಾಷೆ ನಿಲ್ಲುತ್ತದೆ. ಕಳೆದ ತಿಂಗಳು ಒಡೆದದ್ದೂ ಇದೇ ಮೂಲೆಯಲ್ಲಿ. ಯಜಮಾನರು ಟೀ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಅಕ್ಕ ಹಗ್ಗವನ್ನು ಕೂದಲೆಳೆಯಷ್ಟು ಎಳೆದು ನಿಲ್ಲಿಸುತ್ತಾರೆ, ಮತ್ತೆ ಎಳೆಯುತ್ತಾರೆ. ಟಕ್! ಮೇಷ್ಟ್ರು ಕಣ್ಣು ಮುಚ್ಚಿಕೊಳ್ಳುತ್ತಾರೆ. "ಕಣ್ಣು ಬಿಡಿ ಸರ್" ಎಂದು ಅಕ್ಕನ ದನಿ ಒಳಗಿನಿಂದ ಬರುತ್ತದೆ. "ರಬ್ಬರ್ ಕೂತ ಸದ್ದು ಅದು." ಗಾಜು ಇಡಿಯಾಗಿದೆ. ಹಗ್ಗ ಪೂರ್ತಿ ಅವರ ಮಡಿಲಲ್ಲಿದೆ.

ಇನ್ನು ನೀರಿನ ಪರೀಕ್ಷೆ. ಅದಕ್ಕೆ ಈ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿದೆ. ಗಾಜು ಕೂರಿಸಿದವರು ಹೊರಗೆ ಪೈಪ್ ಹಿಡಿಯಬೇಕು, ಕಾರಿನವರು ಒಳಗೆ ಕೂರಬೇಕು. ಆಮೇಲೆ ಯಾರೂ ಯಾರನ್ನೂ ದೂರುವಂತಿಲ್ಲ. ನಿಮ್ಮ ಆಸೆ ಏನೆಂದು ನಾನು ಬೆಳಿಗ್ಗೆ ಕೇಳಿದ್ದಕ್ಕೆ ಅಕ್ಕ ಹೇಳಿದ್ದೂ ಇದರ ಬಗ್ಗೆಯೇ. "ಒಂದ್ಸಲ ಮಳೇಲಿ ನಾನು ಹಾಕಿದ ಗಾಜಿನ ಹಿಂದೆ ಕೂರ್ಬೇಕು. ಇಪ್ಪತ್ತೆರಡು ವರ್ಷ ಹೊರಗೇ ನಿಂತು ನೆಂದಿದ್ದೀನಿ."

ಅವರು ಪೈಪಿಗೆ ಕೈ ಹಾಕುವಷ್ಟರಲ್ಲಿ ಮೇಷ್ಟ್ರು ಅದನ್ನು ಕಿತ್ತುಕೊಳ್ಳುತ್ತಾರೆ. "ಹೋದ ಸಲ ಆ ಗ್ಯಾರೇಜಲ್ಲಿ ಹಾಕಿಸಿದಾಗ ಮಳೇಲಿ ಒಳಗೆ ಕೂತು ಇಸ್ತ್ರಿ ಮಾಡಿದ ಶರ್ಟು ಒದ್ದೆ ಮಾಡ್ಕೊಂಡಿದ್ದೀನಮ್ಮ. ಈ ಸಲ ನೀವೇ ಕೂತ್ಕೊಳ್ಳಿ!"

ಅಕ್ಕ ಸೆರಗಿಗೆ ಕೈ ಒರೆಸಿ ಸ್ಟೀರಿಂಗ್ ಹಿಂದೆ ಕೂರುತ್ತಾರೆ. ಗಾಜಿನ ಬುಡಕ್ಕೆ ದಿನಪತ್ರಿಕೆಯ ಹಾಳೆ ಹಾಸುತ್ತಾರೆ. ಮೇಷ್ಟ್ರು ಹಳೆಯ ಸೇಡು ತೀರಿಸುವವರಂತೆ ನೀರು ಬಿಡುತ್ತಾರೆ, ಮೇಲಿನಿಂದ, ಪಕ್ಕದಿಂದ, ನಾಲ್ಕೂ ಮೂಲೆಗೆ. ಐದು ನಿಮಿಷ, ಹತ್ತು ನಿಮಿಷ. ಕಿಟಕಿ ಎರಡು ಬೆರಳು ಇಳಿಯುತ್ತದೆ, ಪತ್ರಿಕೆಯ ಹಾಳೆ ಹೊರಗೆ ಬರುತ್ತದೆ. ಯಜಮಾನರು ಅದನ್ನು ತಿರುವಿ ಮುರುವಿ ನೋಡುತ್ತಾರೆ. ಬೆಳಿಗ್ಗೆ ಬಂದಾಗ ಇದ್ದಷ್ಟೇ ಗರಿಗರಿ. "ಮುಂದಿನ ವಾರ ಆ ಕರಿ ಕಾರಿನ ಗ್ಲಾಸ್ ಬರುತ್ತೆ" ಎನ್ನುತ್ತಾರೆ, ಯಾರ ಮುಖವನ್ನೂ ನೋಡದೆ. "ಅಕ್ಕನಿಗೇ ಇಟ್ಟಿರಿ." ನಾದಿನಿ ಎರಡೂ ಕೈಯಲ್ಲಿ ಕಾರಿನ ಬಾನೆಟ್ ಬಡಿಯುತ್ತ ಕೂಗುತ್ತಾರೆ. ಸಂತೋಷ ನನಗೂ ತಡೆಯಲಾಗುತ್ತಿಲ್ಲ.

ಮೇಷ್ಟ್ರು ನಲ್ಲಿ ನಿಲ್ಲಿಸಲು ಹೊರಡುತ್ತಾರೆ. ಕಿಟಕಿಯ ಸಂದಿಯಿಂದ ಅಕ್ಕನ ದನಿ ಕೇಳುತ್ತದೆ.

"ನಿಲ್ಲಿಸ್ಬೇಡಿ ಸರ್. ಇನ್ನೂ ಸ್ವಲ್ಪ ಹೊತ್ತು ಮಳೆ ಬರ್ಲಿ."