ಕಂಟೇನರಿಗೆ ಬಣ್ಣ ಹಚ್ಚಿದ ಬೇಸಿಗೆಗಳು

ನನ್ನ ಹೊಲಿಗೆ ಅಂಗಡಿ ಇರುವುದು ತಡಸದ ಹತ್ತಿರ, ಅಣ್ಣನ ಹೊಲದ ಅಂಚಿನಲ್ಲಿ, ಹಡಗಿನ ಸರಕು ಸಾಗಿಸುವ ಹಳೆಯ ಕಂಟೇನರೊಂದರ ಒಳಗೆ. ರಸ್ತೆ ಅಗಲ ಮಾಡಲು ಬಂದಿದ್ದ ಗುತ್ತಿಗೆದಾರರು ಸಾಮಾನು ಇಡಲು ತಂದದ್ದು ಅದು. ಕೆಲಸ ಮುಗಿಸಿ ಹೊರಟಾಗ ಮಾರಿ ಹೋದರು. ಅದೇ ಹೊತ್ತಿಗೆ ಬಾಡಿಗೆ ಅಂಗಡಿ ಬಿಡಬೇಕಾಗಿ ಬಂದಿದ್ದ ನಾನು ಕೊಂಡುಕೊಂಡೆ.

ಮದುವೆಯಾಗಿ ಹನ್ನೊಂದು ತಿಂಗಳಿಗೆ ಹುಲಗೂರಿನ ತವರಿಗೆ ಮರಳಿದವಳು ನಾನು. ಕೈಯಲ್ಲಿದ್ದದ್ದು ಹೊಲಿಗೆಯೊಂದೇ. ಶಿಗ್ಗಾವಿ, ಹಾನಗಲ್ಲ ಕಡೆಯ ಶಾಲೆಗಳ ಯೂನಿಫಾರ್ಮು ಹೊಲಿಯುತ್ತಿದ್ದೆ. ಆರು ಮಷಿನ್ನುಗಳು, ನನ್ನ ಜೊತೆ ಐವರು ಹೆಂಗಸರು. ವೆಲ್ಡರ್ ಒಬ್ಬನಿಂದ ಎರಡು ಕಿಟಕಿ ಕೊರೆಸಿ ಒಳಗೆ ಸೇರಿಕೊಂಡೆವು.

ಮೊದಲ ಮಳೆಗಾಲದಲ್ಲೇ ಸೂರು ಹನಿಯತೊಡಗಿತು. ಹೊಲಿದಿಟ್ಟ ಬಿಳಿ ಅಂಗಿಗಳ ಮೇಲೆ ಕಂದು ಚುಕ್ಕೆಗಳು. ಎಷ್ಟು ಒಗೆದರೂ ಹೋಗಲಿಲ್ಲ. ಮೇಲೆ ಹತ್ತಿ ಹುಡುಕಿದರೆ ಒಂದು ತೂತೂ ಕಾಣಲಿಲ್ಲ. ಸವಣೂರಿನಲ್ಲಿ ಲಾರಿ, ಬಸ್ಸುಗಳಿಗೆ ಬಣ್ಣ ಹಚ್ಚುವ ಹಿರಿಯರೊಬ್ಬರಿದ್ದಾರೆ ಎಂದು ತಿಳಿದು ಅಣ್ಣ ಅವರಿಗೆ ಹೇಳಿ ಕಳಿಸಿದ. ಬಿಳಿ ಗಡ್ಡದ, ಮೆಲುಮಾತಿನ ಮನುಷ್ಯ. ನಾವೆಲ್ಲ ಅವರನ್ನು ಚಾಚಾ ಎಂದೇ ಕರೆದೆವು. ಅವರು ಒಳಗೆ ಬಂದು ಸ್ಟೂಲಿನ ಮೇಲೆ ನಿಂತು ಸೂರಿಗೆ ಅಂಗೈ ಇಟ್ಟರು. ಆಮೇಲೆ ನಮ್ಮ ಆರೂ ಮಂದಿಯನ್ನು ಎಣಿಸುವಂತೆ ನೋಡಿದರು.

“ಇದು ಮಳಿ ನೀರಲ್ಲ ತಂಗಿ. ನಿಮ್ಮ ಉಸಿರು ಇದು. ಮ್ಯಾಲ ತಗಡು ತಣ್ಣಗ ಐತಿ, ಕೆಳಗ ನೀವು ಆರು ಮಂದಿ ಮಾತಾಡಕೋತ ಕುಂತೀರಿ. ಮತ್ತ ಆ ಇಸ್ತ್ರಿ ಉಗಿ ಬ್ಯಾರೆ. ಎಲ್ಲಾ ಮ್ಯಾಲ ಹೋಗಿ ನೀರಾಗಿ ಇಳಿತೈತಿ.”

ಮೇಲ್ಗಡೆ ಮೂಲೆಗಳಲ್ಲಿದ್ದ ಗಾಳಿಕಿಂಡಿಗಳಿಗೆ ಧೂಳು ಬರಬಾರದೆಂದು ನಾನೇ ಚಿಂದಿ ತುರುಕಿದ್ದೆ. ಅವರು ಅದನ್ನೆಲ್ಲ ಎಳೆದು ಹಾಕಿದರು. “ಮೂಗು ಮುಚ್ಚಿದ್ರ ಯಾರ್ ಬದುಕ್ತಾರ?” ಎಂದರು. ಕ್ರೇನಿನವರು ಕಂಟೇನರನ್ನು ಬರೀ ಎರೆಮಣ್ಣಿನ ಮೇಲೆ ಇಳಿಸಿ ಹೋಗಿದ್ದರು. ಚಾಚಾ ಜಾಕ್ ತರಿಸಿ, ನಾಲ್ಕೂ ಮೂಲೆಗೆ ಕಲ್ಲು ಕೊಟ್ಟು, ಕೆಳಗೆ ಗಾಳಿ ಆಡುವ ಹಾಗೆ ಎತ್ತರಿಸಿದರು. ಒಂದು ಬದಿ ತುಸು ಹೆಚ್ಚೇ ಎತ್ತರ, ಸೂರಿನ ಮೇಲೆ ನೀರು ನಿಲ್ಲದಿರಲೆಂದು. ಒಳಗೆ ಮೂಲೆಗೊಂದು ಕುಡಿಕೆಯಲ್ಲಿ ಸುಟ್ಟ ಸುಣ್ಣದ ಹರಳು ಇಡಿಸಿದರು. ತೇವ ಕುಡಿದು ಹರಳು ಪುಡಿಯಾದಾಗ ಬದಲಿಸಬೇಕು. ಹನಿಯುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಅಲ್ಲಿಂದ ಪ್ರತಿ ಬೇಸಿಗೆಯ ಕೊನೆಗೆ, ರೋಹಿಣಿ ಮಳೆಗೆ ಮುಂಚೆ, ಚಾಚಾ ಬರತೊಡಗಿದರು. ಕಂಟೇನರಿಗೆ ಅವರು ಡಬ್ಬಿ ಎನ್ನುತ್ತಿದ್ದರು. ಬಾಗಿಲಿನ ತಿರುಗಣಿಗೆ ಗ್ರೀಸು, ಅಂಚಿನ ರಬ್ಬರಿಗೆ ಒರೆತ, ಜಂಗು ಹಿಡಿದ ಕಡೆ ತಂತಿ ಬ್ರಷ್ಷು, ಆಮೇಲೆ ಕೆಂಪು ಪ್ರೈಮರು, ಅದರ ಮೇಲೆ ನೀಲಿ. ಜಂಗಿನ ಮೇಲೇ ಬಣ್ಣ ಬಳಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಹುಣ್ಣಿಗೆ ಹಿಟ್ಟು ಹಚ್ಚಿದಂಗ ಅದು” ಎನ್ನುತ್ತಿದ್ದರು. ಮಧ್ಯಾಹ್ನ ನಾವೆಲ್ಲ ಕಂಟೇನರಿನ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದೆವು. ಚಾಚಾ ಕುರುಕಲೆಂದು ತಂದ ಸವಣೂರ ಖಾರದ ಪೊಟ್ಟಣಕ್ಕೆ ಐವರೂ ಕೈ ಹಾಕುತ್ತಿದ್ದರು.

ಆ ಐವರು ಒಬ್ಬೊಬ್ಬರಾಗಿ ಹೋದರು. ಇಬ್ಬರು ಗಾರ್ಮೆಂಟ್ ಕಾರ್ಖಾನೆಗೆ, ಒಬ್ಬಳು ಗಂಡನ ಜೊತೆ ಹಿರೇಕೆರೂರಿಗೆ. ನಾಲ್ಕನೆಯವಳಿಗೆ ಬೆನ್ನುನೋವು, ಕೂರಲಾಗುತ್ತಿರಲಿಲ್ಲ. ಕೊನೆಯವಳು ನನ್ನ ಜೊತೆ ಎಂಟು ವರ್ಷ ಇದ್ದವಳು. ಒಂದು ಶನಿವಾರ ಕತ್ತರಿಯನ್ನು ಅದರ ಜಾಗದಲ್ಲಿಟ್ಟು ಬಾಗಿಲಲ್ಲೇ ನಿಂತಳು.

“ಅಕ್ಕಾರ, ಸೋಮವಾರದಿಂದ ನಾನೂ ಕಾರ್ಖಾನಿಗೆ ಹೊಂಟೇನ್ರಿ. ಬಸ್ಸು ಮನೀ ಮುಂದನ ಬರ್ತೈತಿ.”

“ಚಲೋ ಆತು ಬಿಡು” ಎಂದೆ.

“ಸಿಟ್ಟಾಗಬ್ಯಾಡ್ರಿ.”

“ಸಿಟ್ಟ್ಯಾಕ? ಬುತ್ತಿ ಡಬ್ಬಿ ಮರತೀ ನೋಡು, ತಗೊಂಡ್ ಹೋಗು.”

ಆ ವರ್ಷ ಮಳೆ ವಾರಗಟ್ಟಲೆ ಹಿಡಿದುಕೊಂಡಿತು. ಸೂರಿನಿಂದ ಒಂದು ಹನಿಯೂ ಬೀಳಲಿಲ್ಲ. ಒಂದು ದಿನ ಸ್ಟೂಲು ಹತ್ತಿ ಅಂಗೈ ಇಟ್ಟು ನೋಡಿದೆ. ಒಣಗಿ ತಣ್ಣಗಿತ್ತು. ವರ್ಷಗಳಿಂದ ಬೇಕೆಂದದ್ದು ಸಿಕ್ಕಿತ್ತು. ಸ್ಟೂಲಿನಿಂದ ಇಳಿದು, ಮುಸುಕು ಹಾಕಿದ ಐದು ಮಷಿನ್ನುಗಳ ನಡುವೆ ನಡೆದೆ. ಆಮೇಲೆ ಒಂದೊಂದರದೂ ಮುಸುಕು ತೆಗೆದು, ಎಣ್ಣೆ ಬಿಟ್ಟು, ಚಕ್ರ ತಿರುವಿ ಮತ್ತೆ ಮುಚ್ಚಿದೆ. ಮಾತಾಡಿ ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿದರೆ, ಬೆಳಿಗ್ಗೆ ಬಸ್ಸಿನಲ್ಲಿ “ಸ್ವಲ್ಪ ಸರೀರಿ” ಎಂದದ್ದೇ ಕೊನೆಯ ಮಾತು.

ಮುಂದಿನ ಬೇಸಿಗೆಗೆ ಚಾಚಾ ಬರಲಿಲ್ಲ. ಫೋನೂ ಹತ್ತಲಿಲ್ಲ. ಕಾದು ಕಾದು ಸವಣೂರಿಗೆ ಹೋದೆ. ಹಳೆಯ ಮಸೀದಿಯ ಹಿಂದಿನ ಓಣಿಯಲ್ಲಿ ಕೇಳಿಕೊಂಡು ಹೋದಾಗ ಅವರ ಸೊಸೆ ಬಾಗಿಲು ತೆರೆದಳು. ಚಾಚಾ ಮಂಚದ ಮೇಲೆ ಕೂತಿದ್ದರು. ನಾನು ಎದುರು ನಿಂತರೂ ಅವರ ನೋಟ ನನ್ನ ಪಕ್ಕದ ಗೋಡೆಯ ಮೇಲಿತ್ತು.

“ಸಕ್ಕರಿ ಕಾಯಿಲಿರಿ” ಎಂದಳು ಸೊಸೆ. “ಕಣ್ಣು ಪೂರಾ ಹೋಗ್ಯಾವು.”

ನನ್ನ ದನಿ ಕೇಳಿದ್ದೇ ಚಾಚಾ ಕೇಳಿದ ಮೊದಲ ಮಾತು: “ಡಬ್ಬಿ ಹ್ಯಾಂಗೈತಿ ತಂಗಿ? ಈ ಸಲ ಬಣ್ಣ ಯಾರ್ ಹಚ್ಚಿದ್ರು?”

“ಯಾರೂ ಇಲ್ಲರಿ ಚಾಚಾ.”

ಅವರು ಕಾಲಿನಿಂದ ಚಪ್ಪಲಿ ತಡವತೊಡಗಿದರು. “ಕರಕೊಂಡು ಹೋಗು ನನ್ನ. ಬಣ್ಣದ ಕೆಳಗ ಎದ್ದ ಜಂಗು ಕಣ್ಣಿಗೆ ಎಲ್ಲಿ ಕಾಣತೈತಿ? ಅದು ಕೈಗೆ ಸಿಗತೈತಿ.”

ಸೊಸೆ ಬೇಡವೆಂದಳು, ನಾನೂ ಬೇಡವೆಂದೆ. ಅವರು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಅವರನ್ನು ಕರೆತಂದೆ. ಕಂಟೇನರಿನ ಮುಂದೆ ನಿಲ್ಲಿಸಿ, ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಕೈಗೆ ಕೊಟ್ಟೆ. ಅವರು ಎಡ ಅಂಗೈಯನ್ನು ತಗಡಿಗೆ ಒತ್ತಿ ಮೆಲ್ಲಗೆ ನಡೆದರು. ಬಣ್ಣ ಗುಳ್ಳೆ ಎದ್ದ ಕಡೆ ಬೆರಳು ತಾನಾಗಿ ನಿಲ್ಲುತ್ತಿತ್ತು. ಬಲಗೈ ಒಂದು ಸುತ್ತು ಬರೆಯುತ್ತಿತ್ತು. ನಾನು ವರ್ಷವಿಡೀ ನೋಡಿಯೂ ಕಾಣದ ಜಾಗಗಳವು. ಬಾಗಿಲಿನ ಕೆಳಗಿನ ಅಂಚಿಗೆ ಬಂದಾಗ ಮಂಡಿಯೂರಿ ಕೂತು, ಬೆರಳ ತುದಿಯಿಂದ ಇಂಚಿಂಚೂ ತಡವಿದರು.

ಅವರು ಗುರುತು ಹಾಕಿದಲ್ಲೆಲ್ಲ ನಾನು ತಂತಿ ಬ್ರಷ್ಷಿನಿಂದ ಉಜ್ಜಿದೆ. ಸದ್ದು ಕೇಳಿಯೇ ಅವರು ಹೇಳುತ್ತಿದ್ದರು.

“ಇನ್ನೂ ಮೆತ್ತಗೈತಿ ಸಪ್ಪಳ. ಉಜ್ಜು. ಹ್ಞಾಂ, ಈಗ ಕಬ್ಬಿಣ ಸಿಕ್ತು.”

ಮಧ್ಯಾಹ್ನ ಒಳಗೆ ಕೂಡಿಸಿ ರೊಟ್ಟಿ ಬಡಿಸಿದೆ. ಕೈಗೆ ತಾಕಿದ ಮಷಿನ್ನುಗಳ ಮುಸುಕನ್ನು ಒಂದೊಂದಾಗಿ ಮುಟ್ಟಿ ಅವರು ಕೇಳಿದರು, “ಹುಡುಗ್ಯಾರೆಲ್ಲ ಎಲ್ಲಿ?”

“ಹೋದ್ರು ಚಾಚಾ.”

“ಎಲ್ಲಾರೂ?”

“ಎಲ್ಲಾರೂ.”

ಅವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ಸಂಜೆ ಸವಣೂರಿಗೆ ಬಿಡಲು ಹೋದಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾವು ಹುಡುಗರಾಗಿದ್ದಾಗ ಬಣ್ಣ ಹಚ್ಚಿದ ಮೊದಲ ಲಾರಿಯ ಕತೆ ಹೇಳಿದರು. ನಾನು ಮಾತಿಲ್ಲದೆ ಕೂರಬಾರದು ಎಂದು ಹಾಗೆ ಮಾತಾಡಿದರೆಂದು ಆಗಲೇ ತಿಳಿದಿತ್ತು.

ಚಳಿಗಾಲದಲ್ಲಿ ಸೊಸೆಯ ಫೋನ್ ಬಂತು. ನಾನು ತಲುಪುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಹೆಂಗಸರ ನಡುವೆ ಚಾಪೆಯ ಮೇಲೆ ಕೂತೆ. ನಾನು ಯಾರೆಂದು ಒಬ್ಬರು ಕೇಳಿದರು. ಸೊಸೆಯೇ ಹೇಳಿದಳು, “ತಡಸದ ಡಬ್ಬಿಯಾಕಿ.”

ಈ ಬೇಸಿಗೆ ನಾನೊಬ್ಬಳೇ ಏಣಿ ಇಟ್ಟು ಸೂರು ಹತ್ತಿದೆ. ಬಿಸಿಲೇರುವ ಮೊದಲೇ ಉಜ್ಜಿ, ಪ್ರೈಮರು ಬಳಿದು, ಹತ್ತು ಗಂಟೆಗೆ ಇಳಿದೆ. ಗೋಡೆಗಳಿಗೆ ಮೂರು ದಿನ ಬೇಕಾಯಿತು. ಬಳಿಯುವ ಮೊದಲು ಕಣ್ಣು ಮುಚ್ಚಿ ಅಂಗೈ ಒತ್ತಿ ನಡೆದು ನೋಡಿದೆ. ಎರಡು ಗುಳ್ಳೆ ಸಿಕ್ಕವು. ಇನ್ನೂ ಇದ್ದವೋ ಏನೋ, ನನ್ನ ಕೈಗೆ ಅಷ್ಟೇ.

ಕೊನೆಯ ದಿನ ಸಂಜೆ ಬಾಗಿಲು ಹಾಕಿ ಊರಿನ ಬಸ್ಸು ಹತ್ತಿದೆ. ಟಿಕೇಟು ಕೊಡುತ್ತ ಕಂಡಕ್ಟರು ಕೆಂಪು, ನೀಲಿ ಮೆತ್ತಿದ ನನ್ನ ಕೈಗಳನ್ನು ನೋಡಿದರು.

“ಬಣ್ಣ ಏನ್ರಿ? ಮನ್ಯಾಗೇನರ ಕಾರ್ಯ ಐತೇನು?”

“ಇಲ್ಲರಿ,” ಎಂದೆ, “ಮಳಿ ಬರ್ತೈತಲ್ಲ, ಅದಕ್ಕ.”

ಅವರು ಮುಂದಿನ ಸೀಟಿಗೆ ಹೋದರು. ನಾನು ಕಿಟಕಿಯ ಕಡೆ ಸರಿದು ಕೂತೆ.